ವಿಮಾನ ನಿಲ್ದಾಣದಲ್ಲಿ ಬಿಚ್ಚಿದ ಕರ್ಚಿಕಾಯಿ ಡಬ್ಬಿ

ಎರಡು ವರ್ಷದ ಹಿಂದಿನ ಮಾತು, ದೀಪಾವಳಿ ಆಗಷ್ಟೇ ಮುಗಿದಿತ್ತು. ದುಬೈನಲ್ಲಿರುವ ನನ್ನ ಮಗಳು ಸುಮಿತ್ರಾಗೆ ಏಳನೆಯ ತಿಂಗಳು ನಡೆದಿತ್ತು. ಹಿಂದೊಮ್ಮೆ ಬಸಿರು ನಿಲ್ಲದೆ ಹೋಗಿದ್ದರಿಂದ ಈ ಸಲ ಡಾಕ್ಟರು ಪ್ರಯಾಣವೇ ಬೇಡ ಎಂದುಬಿಟ್ಟಿದ್ದರು. ತವರಿಗೆ ಬಂದು ಕುಬಸ ಮಾಡಿಸಿಕೊಳ್ಳಬೇಕಾದವಳು ಅಲ್ಲೇ ಉಳಿದಳು. ಕುಬಸವೆಂದರೆ ನಮ್ಮ ಕಡೆ ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಸಿಹಿ ತಿನ್ನಿಸಿ ಉಡಿ ತುಂಬುವ ಕಾರ್ಯ. ಆ ಸಿಹಿ ತವರಿನಿಂದಲೇ ಹೋಗಬೇಕು. ಮಗಳು ಬರಲು ಆಗದಿದ್ದರೆ ತಾಯಿ ಹೋಗಬೇಕು, ಮತ್ತೇನು ಮಾಡುವುದು? ಅಳಿಯ ಟಿಕೆಟು ಕಳಿಸಿದ.

ಹಾನಗಲ್ಲಿನಲ್ಲಿ ನಮ್ಮದು ರವಿಕೆಯ ಖಣ, ಸೀರೆಯ ಚಿಕ್ಕ ಅಂಗಡಿ. ಯಜಮಾನರು ಅಂಗಡಿ ನೋಡಿಕೊಳ್ಳಬೇಕು, ಹಾಗಾಗಿ ನಾನೊಬ್ಬಳೇ ಹೊರಟೆ. ವಿಮಾನವನ್ನು ಆಕಾಶದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ. ಅಳಿಯ ಫೋನಿನಲ್ಲಿ ಏನೇನು ತರಬಾರದು ಎಂದು ಎಚ್ಚರಿಸಿದ್ದ. ತಂಬಾಕು ಬೇಡ, ಪಾನ್ ಬೇಡ, ಚೀಟಿಯಿಲ್ಲದ ಗುಳಿಗೆ ಬೇಡ. ನಾನು ತಲೆ ಆಡಿಸಿದೆ. ಇಡೀ ಎರಡು ದಿನ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಕರ್ಚಿಕಾಯಿ, ಅಂಟಿನುಂಡಿ ಮಾಡಿದೆ. ಪುಟಾಣಿ ಹಿಟ್ಟು, ಬೆಲ್ಲ, ಒಣಕೊಬ್ಬರಿ, ಎಳ್ಳು, ಏಲಕ್ಕಿ, ಮೇಲೆ ಕೈತುಂಬ ಹುರಿದ ಗಸಗಸಿ. ಬಾಣಂತನಕ್ಕೂ ಬೇಕಾದೀತೆಂದು ಬೇರೆ ಒಂದು ಗಸಗಸಿ ಪೊಟ್ಟಣವನ್ನೂ ಕಟ್ಟಿಕೊಂಡೆ.

ಬೆಂಗಳೂರಿನ ವಿಮಾನ ನಿಲ್ದಾಣದ ಬಾಗಿಲ ತನಕ ಯಜಮಾನರು ಬಂದರು. ಒಳಗೆ ಅವರನ್ನು ಬಿಡಲಿಲ್ಲ. ಒಳಗೆ ನೋಡಿದರೆ ಜನವೋ ಜನ. ಒಂದು ಸಾಲು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ನಮ್ಮ ಬಸ್‌ಸ್ಟ್ಯಾಂಡಿನಲ್ಲಾದರೆ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯಬಹುದು, ಇಲ್ಲಿ ಆ ಉಪಾಯವೂ ಇಲ್ಲ.

ಬ್ಯಾಗು ತೂಗುವ ಕೌಂಟರಿನಲ್ಲಿ ಮೊದಲ ಜಗಳ. ತೂಕ ಹೆಚ್ಚಾಗಿದೆ, ಇಷ್ಟು ದುಡ್ಡು ಕಟ್ಟಿ ಎಂದು ಕೌಂಟರಿನವನು ಒಂದು ಮೊತ್ತ ಹೇಳಿದ. ಅಷ್ಟು ದುಡ್ಡಿಗೆ ನಾನು ಎರಡು ಒಳ್ಳೆಯ ಇಳಕಲ್ ಸೀರೆ ಮಾರಬೇಕು.

“ಏನ್ ಬಂಗಾರ ಐತೇನೋ ತಮ್ಮಾ ಅದರಾಗ? ರೊಟ್ಟಿ ಅದಾವ, ಸೀರಿ ಅದಾವ” ಎಂದೆ. ಅವನು ನಗಲೂ ಇಲ್ಲ, ಸಿಟ್ಟೂ ಆಗಲಿಲ್ಲ, ತೂಕ ಮಾತ್ರ ಇಳಿಸಲಿಲ್ಲ. ಕೊನೆಗೆ ಅಷ್ಟು ಜನರ ಮುಂದೆ ನೆಲದ ಮೇಲೆ ಕೂತು ಬ್ಯಾಗು ಬಿಚ್ಚಿ, ಸಿಹಿಯ ದೊಡ್ಡ ಸ್ಟೀಲ್ ಡಬ್ಬಿಯನ್ನೂ ಗಸಗಸಿ ಪೊಟ್ಟಣವನ್ನೂ ಹೊರತೆಗೆದು ಕೈಚೀಲಕ್ಕೆ ತುರುಕಿದೆ. ಆ ಕೌಂಟರಿನವನಿಗೆ ಮನಸ್ಸಿನಲ್ಲೇ ಎಷ್ಟು ಬೈದೆ ಅಂದರೆ, ಅವನಿಗೆ ಆ ದಿನವೆಲ್ಲ ಬಿಕ್ಕಳಿಕೆ ಹತ್ತಿರಬೇಕು.

ಎಲ್ಲ ತಪಾಸಣೆ ಮುಗಿಸಿ ಒಳಗೆ ಹೋದರೆ, ವಿಮಾನ ತಡವಾಗಿದೆ ಎಂದು ಗೊತ್ತಾಯಿತು. ಎಷ್ಟು ತಡ ಎಂದು ಕೇಳಿದರೆ ಯಾರೂ ನೆಟ್ಟಗೆ ಹೇಳುವವರಿಲ್ಲ. ಕೂಡಲು ಕುರ್ಚಿಯಿಲ್ಲ. ಹೊಟ್ಟೆ ಹಸಿದಿತ್ತು, ಚಹಾ ಕುಡಿಯೋಣವೆಂದು ಹೋದೆ. ಒಂದು ಕಪ್ ಚಹಾದ ಬೆಲೆ ಕೇಳಿ ಕೈಯಲ್ಲಿದ್ದ ಪರ್ಸು ಹಾಗೇ ಮುಚ್ಚಿದೆ. ಅಷ್ಟು ದುಡ್ಡಿನಲ್ಲಿ ನಮ್ಮ ಅಂಗಡಿ ಸಾಲಿಗೆಲ್ಲ ಮಿರ್ಚಿಭಜಿಯ ಜೊತೆ ಚಹಾ ಕುಡಿಸಬಹುದು.

ಅಳಿಯ ಒಂದು ಮಾತು ಹೇಳಿದ್ದ. “ಅತ್ತಿ, ಒಳಗ ಡ್ಯೂಟಿ ಫ್ರೀ ಅಂಗಡಿ ಇರ್ತಾವ. ತೆರಿಗಿ ಇರಂಗಿಲ್ಲ. ಬೇಕಾದ್ರ ಏನರ ತಗೋರಿ.” ನಾನು ವ್ಯಾಪಾರಸ್ಥಳು. ತಿಂಗಳು ತಿಂಗಳು ತೆರಿಗೆ ಕಟ್ಟಿ ರೋಸಿಹೋದವಳು. ತೆರಿಗೆಯಿಲ್ಲದ ಅಂಗಡಿ ಅಂದರೆ ನನಗೆ ನೋಡಲೇಬೇಕಾದ ಜಾಗ. ಅಳಿಯನಿಗೊಂದು ಸೆಂಟಿನ ಬಾಟಲಿ ಒಯ್ಯೋಣ ಎಂದು ಒಳಗೆ ಹೊಕ್ಕೆ. ಕನ್ನಡಿಯಂಥ ನೆಲ, ಝಗಝಗ ದೀಪ. ಸೆಂಟಿನ ಬೆಲೆ ನೋಡಿದರೆ ತೆರಿಗೆ ಇಳಿದಿತ್ತೋ ಏನೋ, ರೇಟು ಮಾತ್ರ ಅಟ್ಟ ಹತ್ತಿ ಕೂತಿತ್ತು. ಒಂದು ಹಿಡಿ ಬಾದಾಮಿಯ ಪೊಟ್ಟಣ, ಅದನ್ನೂ ಕೈಯಲ್ಲಿ ಹಿಡಿದು ಮತ್ತೆ ಇಟ್ಟೆ.

“ಹೇಳೂ ರೇಟು ಇರ್ಲಿ, ಕೊಡೂ ರೇಟ ಹೇಳವಾ” ಎಂದು ಅಲ್ಲಿದ್ದ ಹುಡುಗಿಯನ್ನು ಕೇಳಿದೆ.

ಅವಳು ಪಾಪ, ಕನ್ನಡದವಳೇ. “ಆಂಟಿ, ಇಲ್ಲಿ ಚೌಕಾಸಿ ಮಾಡೋಕಾಗಲ್ಲ. ಎಲ್ಲಾ ಫಿಕ್ಸೆಡ್” ಎಂದಳು.

ಸರಿ, ಬೇಡ ಎಂದು ತಿರುಗಿ ನಾಲ್ಕು ಹೆಜ್ಜೆ ಹೊರಗೆ ಬಂದೆ. ಹಾನಗಲ್ಲಿನ ಸಂತೆಯಲ್ಲಿ ಹೀಗೆ ಹೊರಟರೆ “ಬರ್ರಿ ಅಕ್ಕಾರ, ನಿಮಗಂತ ಕೊಡತೇನಿ” ಎಂದು ಹಿಂದಿನಿಂದ ಕೂಗುತ್ತಾರೆ. ಇಲ್ಲಿ ಯಾರೂ ಕೂಗಲಿಲ್ಲ. ಹಿಂತಿರುಗಿ ನೋಡಿದರೆ ಆ ಹುಡುಗಿ ಬೇರೆ ಗಿರಾಕಿಗೆ ಬಾಟಲಿ ತೋರಿಸುತ್ತಿದ್ದಳು.

ಸಿಟ್ಟಿನಲ್ಲಿ ಹೋಗಿ ಆಗಷ್ಟೇ ಖಾಲಿಯಾದ ಒಂದು ಮೂಲೆಯ ಕುರ್ಚಿಯಲ್ಲಿ ಕೂತೆ. ಇವರ ಚಹಾವೂ ಬೇಡ, ಬಾದಾಮಿಯೂ ಬೇಡ, ನನ್ನ ಮನೆಯದೇ ತಿನ್ನುತ್ತೇನೆ ಎಂದು ಕೈಚೀಲದಿಂದ ಡಬ್ಬಿ ತೆಗೆದೆ. ಪಕ್ಕದಲ್ಲಿ ನನ್ನ ವಯಸ್ಸಿನವರೇ ಒಬ್ಬರು ಬುರ್ಖಾ ತೊಟ್ಟ ಹೆಣ್ಣುಮಗಳು ಕೂತಿದ್ದರು. ಮಗ್ಗಲಲ್ಲಿ ಕೂತವರಿಗೆ ಕೊಡದೆ ಡಬ್ಬಿ ಬಿಚ್ಚಿ ತಿನ್ನುವುದು ನಮ್ಮ ಕಡೆ ಆಗದ ಮಾತು. ಒಂದು ಕರ್ಚಿಕಾಯಿ ಅವರ ಮುಂದೆ ಹಿಡಿದು, “ತಗೋರಿ, ಮನ್ಯಾಗ ಮಾಡಿದ್ದು” ಎಂದೆ.

“ನಮ್ಮ ಕಡಿಯವರೇನ್ರಿ ನೀವು?” ಎಂದು ಅವರ ಮುಖ ಅರಳಿತು. ಸವಣೂರಿನವರಂತೆ, ಹೆಸರು ಮಾಬೂಬಿ. ದುಬೈನಲ್ಲಿರುವ ಮಗಳ ಮನೆಗೆ ಹೊರಟಿದ್ದರು, ಇದು ಅವರಿಗೆ ಮೂರನೆಯ ಸಲ. ಸವಣೂರು, ಹಾನಗಲ್ಲು ಅಂದಮೇಲೆ ಇನ್ನೇನು, ಮಳೆ, ಬೆಳೆ, ಬಸ್ಸು ಎಲ್ಲ ಮಾತಿಗೆ ಬಂದವು. ಮಗಳ ಕುಬಸದ ವಿಷಯ ಹೇಳುತ್ತಿದ್ದೆ. ಅವರು ಕರ್ಚಿಕಾಯಿ ಮುರಿದು ಬಾಯಿಗಿಟ್ಟರು. ಒಂದೆರಡು ಸಲ ಅಗಿದು ನಿಲ್ಲಿಸಿದರು. ಕೈಯಲ್ಲಿದ್ದ ಉಳಿದ ಅರ್ಧವನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

“ಅಕ್ಕಾರ, ಇದರಾಗ ಗಸಗಸಿ ಹಾಕೀರೇನು?”

“ಹಾಕದ ಬಿಡತೇನೇನ್ರಿ? ಗಸಗಸಿ ಇಲ್ಲದ ಅದೆಂಥಾ ಕರ್ಚಿಕಾಯಿ!” ಎಂದು ಹೆಮ್ಮೆಯಿಂದ ಹೇಳಿ, ಪೊಟ್ಟಣವನ್ನೂ ತೆಗೆದು ತೋರಿಸಿದೆ.

ಅವರು ನನ್ನ ಕೈಯನ್ನು ಪೊಟ್ಟಣದ ಸಮೇತ ಚೀಲದೊಳಗೆ ಒತ್ತಿದರು. “ಅಲ್ಲಿಗೆ ಗಸಗಸಿ ಒಯ್ಯಾಂಗಿಲ್ರಿ. ಅಫೀಮಿನ ಗಿಡದ ಬೀಜ ಅಂತ ಹಿಡೀತಾರ. ಜೇಲಿಗೆ ಹಾಕತಾರ.”

ನನಗೆ ನಗು ಬಂತು. ಆಮೇಲೆ ಸಿಟ್ಟು. “ಏನ್ ಮಾತಂತ ಆಡತೀರಿ? ಗಸಗಸಿ ಪಾಯಸ ಕುಡದ ನಾಲ್ಕ ಮಂದಿ ಮಕ್ಕಳ್ನ ಹಡದಾಳ ನಮ್ಮವ್ವ. ಅವರೇನು ನನ್ನ ಕರ್ಚಿಕಾಯಿ ಎಣಿಸಾಕ ಕುಂತಾರೇನು?” ಎಂದೆ. ಈ ಹೆಣ್ಣುಮಗಳು ಸುಮ್ಮನೆ ಹೆದರಿಸುತ್ತಿದ್ದಾಳೆ ಎಂದೇ ನನಗೆ ಅನ್ನಿಸಿದ್ದು. ಡಬ್ಬಿಯ ಮುಚ್ಚಳ ಹಾಕಲು ಹೋದೆ.

ಅವರು ಮುಚ್ಚಳದ ಮೇಲೆ ಕೈಯಿಟ್ಟರು. ದನಿ ತಗ್ಗಿಸಿ, “ನನ್ನ ತಮ್ಮ ದುಬೈಗೆ ಹೊಂಟಾಗ ನಮ್ಮವ್ವ ಕಟ್ಟಿ ಕೊಟ್ಟಿದ್ದಳ್ರಿ. ಮಸಾಲಿಗೆ ಅಂತ ಒಂದ ಮುಷ್ಟಿ. ಇಳಿದ ಕೂಡಲೇ ಬ್ಯಾಗ ತೆಗದ್ರು, ಹಿಡದ್ರು. ಅಂವಗ ಅಲ್ಲಿ ಮಾತೂ ಬರ್ತಿರಲಿಲ್ಲ. ತಿಂಗಳಗಟ್ಟಲೆ ಒಳಗ ಕುಂತ. ಬಿಟ್ಟು ಕಳಿಸಿದಾಗ ನಮ್ಮವ್ವ ಇರಲಿಲ್ಲ” ಎಂದರು.

ಮುಚ್ಚಳ ಬಿಟ್ಟು ಕೈ ಹಿಂದಕ್ಕೆಳೆದುಕೊಂಡೆ. ಅಳಿಯ ಯಾಕೆ ಹೇಳಲಿಲ್ಲ ಎಂದು ಒಂದು ಗಳಿಗೆ ಅವನ ಮೇಲೆ ಸಿಟ್ಟು ಬಂತು. ಆದರೆ ಕರ್ಚಿಕಾಯಿಯೊಳಗೆ ಏನೇನಿರುತ್ತದೆ ಎಂದು ತಿನ್ನುವ ಗಂಡಸರಿಗೆ ಎಲ್ಲಿ ಗೊತ್ತು? ನನ್ನನ್ನು ಹಿಡಿದು ಒಯ್ದರೆ ಹೊರಗೆ ಕಾಯುತ್ತಾ ನಿಂತ ಸುಮಿತ್ರಾ ಏನಾಗುತ್ತಾಳೆ, ಅವಳ ಹೊಟ್ಟೆಯಲ್ಲಿರುವುದು ಏನಾಗುತ್ತದೆ?

“ಕೆಳಗ ತೂಗಿ ಕೊಟ್ಟ ಬ್ಯಾಗಿನ್ಯಾಗೂ ಐತೇನ್ರಿ?” ಮಾಬೂಬಿ ಕೇಳಿದರು. “ಅದು ವಿಮಾನಕ್ಕ ಹೋತು ಅಂದ್ರ ತಗಿಯಾಕ ಬರಂಗಿಲ್ಲ.”

ಆಗ ನೆನಪಾಯಿತು. ಮೊದಲು ಇದ್ದದ್ದೆಲ್ಲ ಆ ಬ್ಯಾಗಿನಲ್ಲೇ ಇತ್ತು. ತೂಕ ಹೆಚ್ಚಾಯಿತೆಂದು ತೆಗೆಸಿದ್ದ ಆ ಕೌಂಟರಿನವನು! ಈಗ ಕೆಳಗಿದ್ದದ್ದು ಸೀರೆ, ರೊಟ್ಟಿ, ಶೇಂಗಾ ಚಟ್ನಿ ಮಾತ್ರ. ಅವನು ಕಣ್ಣೆದುರು ಸಿಕ್ಕಿದ್ದರೆ ಕೈ ಮುಗಿಯುತ್ತಿದ್ದೆ.

ಎಲ್ಲವನ್ನೂ ಅಲ್ಲೇ ಸುತ್ತ ಕೂತವರಿಗೆ ಹಂಚಿಬಿಡುತ್ತೇನೆ ಎಂದೆ. ಮಾಬೂಬಿ ಬೇಡವೆಂದರು. “ಇವರೂ ಅಲ್ಲಿಗೇ ಹೊಂಟಾರ. ಯಾರರ ಒಂದ ಕಟ್ಟಿಟ್ಟುಕೊಂಡ್ರ ಅವರಿಗೂ ಅದ ಗತಿ.” ಮಗಳ ಕುಬಸದ ಸಿಹಿಯನ್ನು ಕಸದ ಡಬ್ಬಿಗೆ ಸುರಿಯಲು ನನಗೆ ಕೈ ಬರಲಿಲ್ಲ. ನೆಲ ಒರೆಸುತ್ತಿದ್ದ ಕೆಲಸದ ಹೆಣ್ಣುಮಗಳೊಬ್ಬಳನ್ನು ಮಾಬೂಬಿಯವರೇ ಕರೆದು ತಂದರು. “ಈಕಿ ವಿಮಾನ ಹತ್ತಂಗಿಲ್ಲ, ಈಕಿಗೆ ಕೊಡ್ರಿ” ಎಂದರು. ನಾನೇ ಒಂದು ಮುರಿದು ತಿಂದು ತೋರಿಸಿ, ವಿಷಯ ತಿಳಿಸಿ ಕೊಟ್ಟೆ. ರಾಯಚೂರು ಕಡೆಯವಳು. ಚೀಲದ ತುಂಬ ಇಸಿದುಕೊಂಡು, “ನಮ್ಮ ಹುಡುಗ್ರು ಕುಣೀತಾವ್ರಿ” ಎಂದು ನಕ್ಕಳು. ಪೊಟ್ಟಣವೂ ಅವಳ ಪಾಲಾಯಿತು.

ಅಷ್ಟಕ್ಕೇ ಮಾಬೂಬಿ ಬಿಡಲಿಲ್ಲ. ಒಂದು ಕಾಳೂ ಉಳಿಯಬಾರದೆಂದು ನನ್ನನ್ನು ಶೌಚಾಲಯದ ನಲ್ಲಿಯ ಹತ್ತಿರ ಕರೆದೊಯ್ದರು. ಡಬ್ಬಿಯ ಅಂಚಿನ ಸಂದಿಗೆ ಉಗುರು ಹಾಕಿ ತಿಕ್ಕಿ ತೊಳೆದರು. ಕೈಚೀಲವನ್ನು ತಿರುವಿಹಾಕಿ ಝಾಡಿಸಿದರು. ನನ್ನ ಸೀರೆಯ ನಿರಿಗೆ, ಸೆರಗು ಎಲ್ಲ ಕೊಡವಿಸಿದರು. ಆ ಕಡೆ ಈ ಕಡೆಯವರು ನಮ್ಮನ್ನು ವಿಚಿತ್ರವಾಗಿ ನೋಡುತ್ತಿದ್ದರು. ಅದೇ ಹೊತ್ತಿಗೆ ನಮ್ಮ ವಿಮಾನಕ್ಕೆ ಕರೆ ಬಂತು. ವಿಮಾನ ಹೊತ್ತಿಗೆ ಸರಿಯಾಗಿ ಹೊರಟಿದ್ದರೆ ನಾನು ಈ ಹೊತ್ತಿಗೆ ಎಲ್ಲಿರುತ್ತಿದ್ದೆ ಎಂದು ಯೋಚಿಸುತ್ತಲೇ ಸಾಲಿಗೆ ನಿಂತೆ.

ವಿಮಾನದಲ್ಲಿ ನಮ್ಮ ಸೀಟು ದೂರ ದೂರ. ಊಟ ಕೊಟ್ಟರು, ನಾನು ಮುಟ್ಟಲಿಲ್ಲ. ನಡುವೆ ಮಾಬೂಬಿ ಎದ್ದು ಬಂದು ನನ್ನ ಖಾಲಿ ಡಬ್ಬಿ ಕೇಳಿ ಒಯ್ದರು. ಮರಳಿ ತಂದಾಗ ಅದರೊಳಗೆ ಅರ್ಧದ ತನಕ ಶೇಂಗಾದ ಉಂಡಿ ಇದ್ದವು. ತಮ್ಮ ಮೊಮ್ಮಕ್ಕಳಿಗೆಂದು ಒಯ್ಯುತ್ತಿದ್ದುದರಲ್ಲಿ ಪಾಲು ಮಾಡಿದ್ದರು.

“ಕುಬಸಕ್ಕ ತವರಿನ ಸಿಹಿ ಇಲ್ಲಾಂದ್ರ ಹ್ಯಾಂಗ್ರಿ? ಸವಣೂರಾಗ ಮಾಡಿದ್ದು. ಶೇಂಗಾ, ಬೆಲ್ಲ ಅಷ್ಟ. ಅಂಜಬ್ಯಾಡ್ರಿ” ಎಂದರು. ನಾನು ಅಳುತ್ತಾ ಕೂತೆ. ಪಕ್ಕದವನು ನನಗೆ ಮೊದಲ ಸಲದ ವಿಮಾನದ ಭಯವೆಂದುಕೊಂಡು ಧೈರ್ಯ ಹೇಳಿದ.

ಇಳಿದಮೇಲೆ ಅಲ್ಲೂ ಉದ್ದುದ್ದ ಸಾಲು. ಎಷ್ಟೋ ಜನರನ್ನು ಸುಮ್ಮನೆ ಬಿಟ್ಟ ಅಧಿಕಾರಿ ನನ್ನನ್ನೇ ಪಕ್ಕಕ್ಕೆ ಕರೆದ. ಬ್ಯಾಗು ಬಿಚ್ಚಿಸಿದ. ಸೀರೆಗಳ ಮಡಿಕೆಯಲ್ಲಿ ಕೈಯಾಡಿಸಿದ, ಚಟ್ನಿ ಮೂಸಿದ. ಆಮೇಲೆ ಕೈಚೀಲದ ಡಬ್ಬಿ ತೆಗೆಸಿ, ಒಂದು ಉಂಡಿಯನ್ನು ಮುರಿದು ಬೆಳಕಿಗೆ ಹಿಡಿದು ನೋಡಿದ. ಕರ್ಚಿಕಾಯಿ ಇದ್ದಿದ್ದರೆ ಇದೇ ಬೆಳಕಿನಲ್ಲಿ ಆ ಬಿಳಿಯ ಕಾಳು ಹೊಳೆಯುತ್ತಿದ್ದವು. ಅವನು ಉಂಡಿಯ ಚೂರನ್ನು ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ಹೋಗು ಎಂದು ಕೈ ಮಾಡಿದ.

ತಲೆಯೆತ್ತಿ ನೋಡಿದರೆ, ದೂರದಲ್ಲಿ ಮಾಬೂಬಿ ತಮ್ಮ ಸಾಮಾನಿನ ಗಾಡಿ ಹಿಡಿದು ನಿಂತಿದ್ದರು. ಅವರದೆಲ್ಲ ಎಂದೋ ಮುಗಿದಿತ್ತು. ಮಗಳಿಂದ ಫೋನಿನ ಮೇಲೆ ಫೋನು ಬರುತ್ತಿತ್ತು, ಕತ್ತರಿಸುತ್ತಿದ್ದರು.

“ನೀವ್ಯಾಕ ನಿಂತ್ರಿ? ಹೋಗಬೇಕಿಲ್ಲೇನು?” ಎಂದೆ.

“ನಮ್ಮ ತಮ್ಮನ್ನ ಹಿಡಿದಾಗ ಅಂವನ ಕಡಿಯವರು ಒಬ್ಬರೂ ಇರಲಿಲ್ರಿ. ನಿಮ್ಮದ ಮುಗೀಲಿ ಅಂತ ನಿಂತೆ” ಎಂದರು. ಅವರ ಎರಡೂ ಕೈ ಹಿಡಿದುಕೊಂಡೆ. ಅವರ ಸವಣೂರಿನ ಮನೆಯ ವಿಳಾಸ ಬರೆಸಿಕೊಂಡೆ.

ಸುಮಿತ್ರಾಳ ಕುಬಸ ಶೇಂಗಾದ ಉಂಡಿಯಿಂದಲೇ ಆಯಿತು. ದಿನ ತುಂಬಿ ಹೆಣ್ಣುಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಊರಿಗೆ ಮರಳಿದ ಮೇಲೆ ಯಜಮಾನರನ್ನು ಕರೆದುಕೊಂಡು ಸವಣೂರಿಗೆ ಹೋಗಿ ಮಾಬೂಬಿಯವರಿಗೆ ಒಂದು ಇಳಕಲ್ ಸೀರೆ ಕೊಟ್ಟು ಬಂದೆ. ಅವರ ತಮ್ಮನೂ ಮನೆಯಲ್ಲೇ ಇದ್ದ. ಬಹಳ ಮಾತಾಡುವವನಲ್ಲ, ನಮಗೆ ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತ.

ಈಗ ನಮ್ಮ ಅಂಗಡಿಗೆ ಯಾರಾದರೂ ಕುಬಸದ ಸೀರೆ, ಖಣ ಕೊಳ್ಳಲು ಬಂದರೆ, ಮಗಳು ಎಲ್ಲಿದ್ದಾಳೆ ಎಂದು ಮೊದಲು ಕೇಳುತ್ತೇನೆ. ಹೋದ ತಿಂಗಳು ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯ ತಾಯಿಯೊಬ್ಬಳು ಬಂದಿದ್ದಳು. ಮಗಳು ದುಬೈನಲ್ಲಿ, ಬರುವ ವಾರ ಪ್ರಯಾಣ, ಕರ್ಚಿಕಾಯಿ ಆಗಲೇ ಆಗಿವೆ ಎಂದಳು.

“ಗಸಗಸಿ ಹಾಕೀರೇನು?” ಎಂದೆ.

“ಹೌದ್ರಿ. ಹಾಕದ ಹ್ಯಾಂಗ?” ಎಂದಳು.

ಬಿಚ್ಚಿ ಹರಡಿದ್ದ ಸೀರೆಗಳನ್ನು ಪಕ್ಕಕ್ಕೆ ಸರಿಸಿದೆ. ಕುರ್ಚಿ ಎಳೆದು ಅವಳನ್ನು ಕೂಡಿಸಿ, ಮಾಬೂಬಿಯವರ ತಮ್ಮನ ಕಥೆಯನ್ನು ಮೊದಲಿನಿಂದ ಹೇಳತೊಡಗಿದೆ.