ಟೆಲಿಸ್ಕೋಪಿಗೆ ಕುಂಕುಮ

ನಮ್ಮ ಕಡೆ ಟೀವಿ ಇನ್ನೂ ಬಂದಿರದ ಕಾಲ. ತಿಪಟೂರಿನ ಹೈಸ್ಕೂಲಿನಲ್ಲಿ ನಮ್ಮಂಥ ವಿಜ್ಞಾನದ ಮೇಷ್ಟ್ರುಗಳಿಗೆ ಬಾಹ್ಯಾಕಾಶ ಪಾಠದ ತರಬೇತಿ ಇತ್ತು. ಬೆಂಗಳೂರಿನಿಂದ ಬಂದಿದ್ದ ಉಪನ್ಯಾಸಕರು ಟೆಲಿಸ್ಕೋಪನ್ನು ಮೇಜಿನ ಮೇಲಿಟ್ಟು ಕಾಫಿಗೆ ಹೋದರು. ಬರುವಷ್ಟರಲ್ಲಿ ಹೆಡ್ಮಾಸ್ಟರು ಅದಕ್ಕೆ ಪೂಜೆ ಮಾಡಿ, ಕಾಯಿ ಒಡೆದು, ಮುಂದಿನ ಗಾಜಿಗೇ ಒದ್ದೆ ಕುಂಕುಮ ಬಳಿದಿದ್ದರು.

"ಹೊಸ ಮಿಷಿನ್ನು ಕಣ್ರೀ, ಹಂಗೇ ಮುಟ್ಟಕ್ಕಾಯ್ತದಾ?"

ಒರೆಸಿದಷ್ಟೂ ಕೆಂಪು ಹರಡಿತು. ಉಪನ್ಯಾಸಕರು ತಲೆ ಮೇಲೆ ಕೈ ಹೊತ್ತು ಕೂತರು.

ಸಂಜೆ ಅದರಲ್ಲೇ ಚಂದ್ರನನ್ನು ತೋರಿಸಿದರು. ಬೆಳಿಗ್ಗೆ ಕೆಂಪು ಗ್ರಹದ ಪಾಠ ಕೇಳಿದ್ದ ತುರುವೇಕೆರೆಯ ಮೇಷ್ಟ್ರು ಕಣ್ಣಿಟ್ಟವರೇ, "ಅಬ್ಬಾ, ಮಂಗಳ ಎಷ್ಟು ಕೆಂಪಗೈತೆ!" ಅಂದರು.

"ಅದು ಚಂದ್ರ, ಸ್ವಾಮಿ. ಕೆಂಪು ಕುಂಕುಮದ್ದು," ಅಂದೆ.

"ಸುಮ್ನಿರ್ರೀ, ಕಣ್ಣಾರೆ ನೋಡಿದೀನಿ. ಸೋಮವಾರ ಮಕ್ಕಳಿಗೆ ಇದನ್ನೇ ಹೇಳ್ತೀನಿ."

ಹೇಳಿಯೇ ಹೇಳುವ ಆಸಾಮಿ. ನನ್ನ ಮಗಳು ಓದುತ್ತಿದ್ದುದು ಅವರ ಕ್ಲಾಸಿನಲ್ಲೇ.