ರುಕ್ಮಣಿ ಗೆದ್ದ ಸೀರೆಗಳು

ತಮಿಳು ಸೀಮೆಯ ಪೀಳಮೇಡಿನ ಒಂದು ನೂಲಿನ ಮಿಲ್ಲು ರುಕ್ಮಣಿಯನ್ನು ಕೆಲಸಕ್ಕೆ ಸೇರಿಸಿಕೊಂಡದ್ದೇ ಟೆನಿಸ್ ಆಡಲೆಂದು. ನೆಗಮ ಎಂಬ ಊರಿನ, ಕನ್ನಡ ಮಾತಾಡುವ ನೇಕಾರರ ಮನೆಯ ಹುಡುಗಿ. ಮಿಲ್ಲಿನ ಕ್ಲಬ್ಬಿನಲ್ಲಿ ಆಟದ ಅಂಗಳಕ್ಕೆ ನೀರು ಹೊಡೆದು ರೋಲರ್ ಎಳೆಯುತ್ತಿದ್ದ ಸೋದರಮಾವ ಕುಪ್ಪುಸಾಮಿಯ ಮನೆಯಲ್ಲಿ ಬೆಳೆದು, ಅಲ್ಲೇ ರ್ಯಾಕೆಟ್ಟು ಹಿಡಿದವಳು. ಮದರಾಸು, ಮಧುರೆ ಎಂದು ಮಿಲ್ಲಿನ ಹೆಸರಿನಲ್ಲಿ ಊರೂರು ಆಡಿ ಬಂದಳು. ಗಂಡಸರ ತಂಡಕ್ಕೆ ಮಧ್ಯಾಹ್ನವೇ ಬಿಡುವು, ವರ್ಷಕ್ಕೊಂದು ಜೊತೆ ಹೊಸ ಬೂಟು. ಇವಳು ಮಾತ್ರ ನೂಲು ಸುತ್ತುವ ಕಡೆ ಪಾಳಿ ಮುಗಿಸಿಯೇ ಅಂಗಳಕ್ಕಿಳಿಯಬೇಕು, ಅವರು ಹಾಕಿ ಬಿಟ್ಟ ಬೂಟಿನ ತುದಿಗೆ ಹತ್ತಿ ತುರುಕಿಕೊಂಡು. ಹತ್ತಿಗೇನೋ ಮಿಲ್ಲಿನಲ್ಲಿ ಬರವಿರಲಿಲ್ಲ.

ಅದನ್ನೆಲ್ಲ ನುಂಗಿಕೊಂಡಳು. ನುಂಗಲಾಗದೆ ಹೋದದ್ದು ಬಹುಮಾನ. ಕ್ಲಬ್ಬಿನ ವರ್ಷದ ಪಂದ್ಯದಲ್ಲಿ ಗೆದ್ದ ಗಂಡಸಿಗೆ ಬೆಳ್ಳಿ ಕಪ್, ಗೆದ್ದ ಹೆಂಗಸಿಗೆ ಒಂದು ಸೀರೆ. ತಲೆ ನರೆಯತೊಡಗುವವರೆಗೂ ಅವಳು ಗೆದ್ದಳು. ಸೀರೆಗಳು ತಂಗಿಯರ ಮೈಮೇಲೆ ಹರಿದುಹೋದವು. ಆಡಿದ್ದಕ್ಕೆ ಗುರುತೆಂದು ಮನೆಯಲ್ಲಿಡಲು ಒಂದು ವಸ್ತುವಿಲ್ಲ. ಒಂದೇ ಒಂದು ಕಪ್ ಇದ್ದಿದ್ದರೂ ಸಾಕಾಗಿತ್ತು.

ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಗೆದ್ದ ಸೀರೆಯನ್ನು ಅಮಾವಾಸ್ಯೆಯ ದಿನ, ಮಗ್ಗಕ್ಕೆ ರಜೆ ಇರುವಾಗ, ತಾಯಿ ಜಾನಕಿಯಮ್ಮನಿಗೆ ಕೊಡಲೆಂದು ನೆಗಮಕ್ಕೆ ತಂದಳು. ಹೊಸ್ತಿಲಲ್ಲೇ ಸೆರಗು ಬಿಡಿಸಿ ನೋಡಿದ ಮುದುಕಿ ಕೈ ಹಿಂದೆಗೆದಳು. ಕೆಂಪು ನೂಲು ಸಾಲದೆ ಸೆರಗಿನ ಕೊನೆಗೆ ತುಸು ಮಂಕಾದ ಕೆಂಪು ಸೇರಿಸಿ ತಾನೇ ನೇಯ್ದ ಸೀರೆ ಅದು. ಮಾರಿಹೋದ ಸೀರೆ ಮತ್ತೆ ಹೊಸ್ತಿಲು ದಾಟಿದರೆ ಮಗ್ಗ ಮಲಗುತ್ತದೆಂಬುದು ಆ ಮನೆಯ ನಂಬಿಕೆ.

“ನಾ ನೇಯ್ದದ್ದನ್ನೇ ನಿಂಗೆ ಕೊಟ್ರಾ, ನನ್ ಕಣ್ಣೇ? ಇದಕ್ಕಾ ಇಷ್ಟು ವರ್ಷ ಓಡ್ದೆ? ತಕ್ಕೊಂಡೋಗಿ ಅವ್ರಿಗೇ ಕೊಡು.”

ಮರುದಿನವೇ ರುಕ್ಮಣಿ ಸೀರೆಯನ್ನು ಕ್ಲಬ್ಬಿನ ಕಾರ್ಯದರ್ಶಿ ನಟರಾಜನ್ ಮೇಜಿನ ಮೇಲಿಟ್ಟು ಕಪ್ ಕೇಳಿದಳು.

“ಕಪ್ ಇಟ್ಕೊಂಡು ಏನಮ್ಮಾ ಮಾಡ್ತೀಯ, ರಸಂ ಕಾಯಿಸ್ತೀಯಾ?” ಎಂದು ಆತ ತಮಿಳಿನಲ್ಲಿ ಕೇಳಿದ.

ಅಲ್ಲಿದ್ದವರೆಲ್ಲ ನಕ್ಕರು. ಆ ನಗೆಯನ್ನು ಹೊತ್ತುಕೊಂಡೇ ಅವಳು ವರ್ಷವಿಡೀ ಚೆಂಡು ಹೊಡೆದಳು.

ಮರುವರ್ಷದ ಅಂತಿಮ ಪಂದ್ಯಕ್ಕೆ ಎದುರಾಳಿ ಪೆರಿಯನಾಯಕಿ ಎಂಬ ಕಾಲೇಜು ಹುಡುಗಿ. ಮೇಜಿನ ಮೇಲೆ ಮತ್ತೆ ಸೀರೆ. ರುಕ್ಮಣಿ ಅಂಗಳದ ಅಂಚಿನಲ್ಲಿ ಕೂತುಬಿಟ್ಟಳು; ಕಪ್ ಬರುವ ತನಕ ಏಳುವುದಿಲ್ಲವೆಂದಳು. ನಟರಾಜನ್ ಗದರಿಸಿದ, ಕೆಲಸ ಹೋಗುತ್ತದೆಂದ. ಆಮೇಲೆ ಹುಡುಗಿಯನ್ನು ಕರೆದು, ಆಡದೆಯೇ ನೀನು ಗೆದ್ದೆ, ತಗೋ ಎಂದು ಸೀರೆ ಚಾಚಿದ. ಅವಳು ಸೀರೆಯನ್ನೂ ನೋಡಿದಳು, ರುಕ್ಮಣಿಯ ಕಾಲಿನ ದೊಡ್ಡ ಬೂಟನ್ನೂ ನೋಡಿದಳು. ಬಂದು ಪಕ್ಕದಲ್ಲೇ ಕೂತಳು. ಆಟ ನೋಡಲು ಬಂದಿದ್ದ ದೊಡ್ಡ ಮನುಷ್ಯರು ಕುರ್ಚಿಗಳಲ್ಲಿ ಬೆವರುತ್ತ ಕಾದರು. ಕೊನೆಗೆ ಕ್ಲಬ್ಬಿನವರು, ಗಂಡಸರ ಎರಡನೆಯ ಬಹುಮಾನಕ್ಕೆಂದು ತಂದಿದ್ದ ಕಪ್ಪನ್ನು ತಂದು ಮೇಜಿನ ಮೇಲೆ ಕುಕ್ಕಿದರು.

ರುಕ್ಮಣಿ ಎದ್ದು ಆಡಿದಳು. ಮೊಣಕಾಲು ಮಾತು ಕೇಳಲಿಲ್ಲ, ಸೋತಳು. ಕಪ್ ಹುಡುಗಿಯ ಕೈ ಸೇರಿತು.

ನೆಗಮದಲ್ಲಿ ತಾಯಿ ಅವಳ ಬರಿಗೈ ನೋಡಿದಳು. ಗೆದ್ದವಳು ಕೊಂಡುಹೋದಳು ಎಂದಳು ರುಕ್ಮಣಿ.

“ಈಗಾದ್ರೂ ಸಿಟ್ಟು ಇಳೀತಾ?”

“ಯಾಕಮ್ಮಾ ಇಳೀಬೇಕು? ಆ ಹುಡುಗೀನ ಮಿಲ್ಲಿಗೆ ಸೇರಿಸ್ಕೊಳ್ತಾರಂತೆ. ಅವಳಿಗೂ ಹಳೇ ಬೂಟೇ ಕೊಡ್ಲಿ, ಮತ್ತೆ ಹೋಗಿ ಕೂತ್ಕೋತೀನಿ.”