ಪಾಚಿಗೆ ಓದಿದ ಹುಕುಂ

ಪಾಚಿಯ ಕೋಶ ಒಡೆದು ಎರಡಾಗೋದನ್ನ ಜಗತ್ತಿನಾಗ ಮೊದಲು ಕಂಡಾವ ನಾನು. ಸುಳ್ಳರಿ, ಚಹಾ ಕುಡಕೋತ ಕೇಳ್ರಿ, ನಾನು ಬೀದರ ಕಾಲೇಜಿನ ಪ್ರಯೋಗಶಾಲೆಯ ಹಂಗಾಮಿ ಜವಾನ.

ನಾವು ಮೈಸೂರು ರಾಜ್ಯಕ್ಕ ಸೇರಿದ ವರ್ಷ ಆ ಕಡೆಯಿಂದ ತಪಾಸಣೆಗೆ ಬಂದ ಸಾಹೇಬರು, "ಕೋಶ ಒಡೆಯೋದನ್ನ ತೋರಿಸು, ನಿನ್ನ ಕಾಯಂ ಮಾಡಿಸ್ತೀನಿ" ಅಂದರು. ಭಾಲ್ಕಿಯ ಬಾವಿಯಿಂದ ತಂದ ಹಳದಿ-ಹಸಿರು ಪಾಚಿಯ ಎಳೆ ಸೂಕ್ಷ್ಮದರ್ಶಕದಡಿ ಇಟ್ಟೆ. ತಾಸಾದರೂ ಕೋಶ ಮಿಸುಕಲಿಲ್ಲ.

"ಯಾಕಯ್ಯ ಒಡೀತಿಲ್ಲ?"

"ನಿಜಾಮರ ಕಾಲದ ಪಾಚಿ ಅದರಿ ಸಾಹೇಬ್ರ. ಉರ್ದು ಹುಕುಂ ಇಲ್ಲದ ಏನೂ ಮಾಡಂಗಿಲ್ರಿ."

ಸಾಹೇಬರು ಗಂಭೀರವಾಗಿ ಹುಕುಂ ಬರೆಸಿದರು. ನಾನು ಅದನ್ನ ಪಾಚಿಗೆ ಓದಿ ಹೇಳುತ್ತಲೇ ಗಾಜಿನ ಪಟ್ಟಿಯನ್ನ ತುಸು ಸರಿಸಿ, ಮೊದಲೇ ಎರಡಾಗಿದ್ದ ಕೋಶವೊಂದನ್ನ ಅವರ ಕಣ್ಣಿಗೆ ಬೀಳಂಗ ಮಾಡಿದೆ.

"ಭೇಷ್, ನಡುವೆ ಹೊಸ ಗೋಡೆ ಎದ್ದಿದೆ" ಅಂದರು.

ಪಾಚಿ ಹುಕುಂ ಕೇಳಿತು. ನನ್ನ ಕಾಯಂ ಹುಕುಂ ಯಾವ ಭಾಷೆಯಲ್ಲಿ ಬರೀಬೇಕು ಅನ್ನೋದು ಮಾತ್ರ ಕಚೇರಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿತನಕ ಈ ಚಹಾದ ರೊಕ್ಕ ನೀವೇ ಕೊಡ್ರಿ.